ತಿರುಗಿಸಿ ಅಳೆ

ಶಾಫ್ಟನ್ನು ಒಂದೇ ಕಡೆ ಅಳೆದು ನಂಬಬೇಡ
ಅಂದಿದ್ದರು ದೊರೆಸ್ವಾಮಿ,
ನಾನು ಪೀಣ್ಯಕ್ಕೆ ಬಂದ ಮೊದಲ ವಾರ.
ತಿರುಗಿಸು. ಅಳೆ. ಇನ್ನೊಂದಿಷ್ಟು ತಿರುಗಿಸು.
ಕಣ್ಣಿಗೆ ಎಲ್ಲವೂ ಗುಂಡಗೇ ಕಾಣುತ್ತೆ,
ಮೈಕ್ರೋಮೀಟರಿಗಷ್ಟೇ ಗೊತ್ತು
ಎಲ್ಲಿ ಮೊಟ್ಟೆಯಾಗಿದೆ ಅಂತ.

ಹನ್ನೊಂದು ವರ್ಷದ ಮೇಲೆ ಓನರು
ಕರೆದು, ಕೂರಿಸಿ, ಬಾಗಿಲು ಹಾಕಿ,
"ಎಣ್ಣೆ ಕೈ ಸಾಕು ನೀಲಾವತಿ,
ಕ್ವಾಲಿಟಿಗೆ ನೀನೇ ಹೆಡ್ಡು.
ಕುರ್ಚಿ, ಎಸಿ, ಮೇಲೆ ಆರು ಸಾವಿರ.
ಸೋಮವಾರ ಹೇಳು" ಅಂದರು.
ಅದೇ ವಾರವೇ ಬರಬೇಕೆ ಸುದ್ದಿ:
ಮೂರನೇ ಕ್ರಾಸಿನ ಶೆಡ್ಡಿನಲ್ಲಿ
ಹಳೇ ಲೇತೊಂದು ಮಾರಾಟಕ್ಕಿದೆ.

ನಮ್ಮಪ್ಪನಾಗಿದ್ದರೆ ಹಲ್ಲಿ ಲೊಚಗುಟ್ಟಲಿ ಅಂತ ಕಾಯುತ್ತಿದ್ದ.
ನಾನು ಬಸ್ಸು ಹತ್ತಿದೆ.

ಜಾಲಹಳ್ಳಿಯಲ್ಲಿ ದೊರೆಸ್ವಾಮಿ
ಲುಂಗಿ ಸರಿಸಿ ತೋರಿಸಿದರು:
"ನನ್ನನ್ನು ಕೇಳಬೇಡ, ಇವುಗಳನ್ನು ಕೇಳು.
ಮೂವತ್ತೆರಡು ವರ್ಷ ಮಷೀನಿನ ಮುಂದೆ ನಿಂತ ಮಂಡಿಗಳು.
ಕುರ್ಚಿ ಕೊಟ್ಟರೆ ಕೂತ್ಕೊಳ್ಳಮ್ಮ."

ಎಸ್‌ಪಿ ರೋಡಿನ ಟೂಲ್ಸ್ ಅಂಗಡಿಯಲ್ಲಿ
ಲೆಕ್ಕ ಬರೆಯುವ ಖಮರುನ್ನೀಸಾ
ಯಾವತ್ತೂ ಹೂಂ ಅನ್ನುವವಳಲ್ಲ, ಊಹೂಂ ಅನ್ನುವವಳೂ ಅಲ್ಲ.
ಹಳೇ ಬಿಲ್ಲೊಂದರ ಬೆನ್ನು ಮುಂದಿಟ್ಟಳು.
ಬಾಡಿಗೆ ಬರಿ. ಕರೆಂಟು ಬರಿ.
ಆರ್ಡರ್ ಬಾರದ ತಿಂಗಳು ಬರಿ.
ಬರೆದೆ.
"ಇನ್ನೊಂದು ಖಾಲಿ ತಿಂಗಳು ಬರಿ," ಅಂದಳು.
ಕೂಡಿಸಿ, ತಲೆ ಕೆರೆದು, ಮತ್ತೆ ಕೂಡಿಸಿದೆ.
ಅವಳು ಅಷ್ಟರಲ್ಲಿ
ಬೇರೆ ಗಿರಾಕಿಗೆ ಡ್ರಿಲ್ ಬಿಟ್ಟು ಎಣಿಸುತ್ತಿದ್ದಳು.

ದಾಸರಹಳ್ಳಿಯ ಫಿಲೋಮಿನಾ
ಅಂಥದೇ ಕುರ್ಚಿ ಬಿಟ್ಟು ಬಂದು
ಈಗ ಸಂಜೆ ಹೊತ್ತು ಮಕ್ಕಳಿಗೆ ಗಣಿತ ಹೇಳುತ್ತಾಳೆ.
ಚಪಾತಿ ಲಟ್ಟಿಸುತ್ತಲೇ ಅಂದಳು:
"ಅವರು ಕೊಡೋದು ಕುರ್ಚಿ ಅಲ್ಲ ಕಣೇ, ಪೆನ್ನು.
ಕೆಟ್ಟ ಮಾಲು ಲಾರಿ ಹತ್ತಬೇಕಾದ ರಾತ್ರಿ
ಕೆಳಗಡೆ ಒಂದು ಸಹಿ ಬೇಕಲ್ಲ,
ಅದಕ್ಕೆ."
ಚಪಾತಿ ಉಬ್ಬಿತು. ತಿರುವಿ ಹಾಕಿದಳು.

ಬೆಟ್ಟಸ್ವಾಮಿಯನ್ನು ನಾನು ಕೇಳಿರಲಿಲ್ಲ.
ಟೀ ಅಂಗಡಿಯಲ್ಲಿ ತಾನಾಗೇ ಬಂದು,
ಆ ಲೇತು ಗುಜರಿ ಅಕ್ಕಾ, ತೂಕಕ್ಕೂ ಬಾಳೋದಿಲ್ಲ,
ದೇವರಾಣೆ, ಕೈ ಹಾಕಬೇಡ ಅಂದ.
ಭಾನುವಾರ ಶೆಡ್ಡಿಗೆ ಹೋದರೆ
ಟಾರ್ಚು ಹಿಡಿದು, ಬೆಡ್ಡಿನ ಮೇಲೆ ಉಗುರು ಎಳೆಯುತ್ತ
ಅವನೇ ಬಗ್ಗಿ ನಿಂತಿದ್ದಾನೆ.
ಅದೂ ಒಂದು ಸಲಹೆಯೇ.
ಲೇತು ಚೆನ್ನಾಗಿದೆ ಅಂತ ಗ್ಯಾರಂಟಿಯಾದದ್ದು ಅವನಿಂದ.

ಗಂಡ ಮಗ್ಗುಲು ಬದಲಿಸಿ,
"ನಿಂಗೆ ಹೆಂಗನ್ನಿಸುತ್ತೋ ಹಂಗೆ ಮಾಡು" ಅಂದ.
ಪ್ರೀತಿ ಇರಬಹುದು. ನಿದ್ದೆಯೂ ಇರಬಹುದು.

ಆ ರಾತ್ರಿ ಎಲ್ಲರನ್ನೂ ಸುತ್ತ ಕೂರಿಸಿಕೊಂಡೆ,
ಅಡುಗೆಮನೆಯ ನೆಲದ ಮೇಲೆ, ಮನಸ್ಸಿನಲ್ಲೇ.
ಒಬ್ಬರ ಮಾತು ಇನ್ನೊಬ್ಬರದಕ್ಕೆ ಕೂಡಲಿಲ್ಲ.
ಕೂಡಿದ್ದರೆ
ಒಂದೇ ಕಡೆ ಅಳೆದ ಹಾಗಾಗುತ್ತಿತ್ತೇನೋ.
ನನಗೆ ಸಿಕ್ಕಿದ್ದು ಉತ್ತರವಲ್ಲ,
ನನ್ನ ಹೆದರಿಕೆ ಎಲ್ಲಿ ಉಬ್ಬಿದೆ,
ಆಸೆ ಎಲ್ಲಿ ತಗ್ಗಿದೆ ಅನ್ನುವ ಅಂದಾಜು.

ಲೇತು ಕೊಂಡೆ.

ಹೇಳದೇ ಇರುವುದು ಹೇಗೆ, ಜಾಲಹಳ್ಳಿಗೆ ಹೋದೆ.
ದೊರೆಸ್ವಾಮಿ ಲೋಟ ಕೆಳಗಿಟ್ಟರು.
"ಹಾಗಾದರೆ ನನ್ನನ್ನು ಯಾಕೆ ಕೇಳಿದೆ?"
ಉತ್ತರ ಇರಲಿಲ್ಲ. ಬಸ್ಸಿನಲ್ಲಿ ಹುಡುಕಿದೆ,
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲೂ ಸಿಗಲಿಲ್ಲ.

ಇವತ್ತು ಹದಿನೇಳನೇ ದಿನ.
ಶಟರಿನ ಕೆಳಗೆ ಎರಡು ಹವಾಯಿ ಚಪ್ಪಲಿ.
ನಮಸ್ಕಾರ ಇಲ್ಲ, ನಗು ಇಲ್ಲ.
ನೇರ ಒಳಗೆ ಬಂದು
ಬೆಡ್ಡಿನ ಮೇಲೆ ಅಂಗೈ ಊರಿ ನಿಂತರು,
ಮಗುವಿಗೆ ಜ್ವರ ನೋಡುವವರ ಹಾಗೆ.
"ಲೆವೆಲ್ ಸರಿಯಿಲ್ಲ," ಅಂದರು.
"ತಗಡಿನ ಚೂರು ಕೊಡು."
ಮತ್ತೆ, ಒಂದೊಂದಾಗಿ ಲಟಕ್ಕೆನ್ನುವ
ಆ ಎರಡು ಮಂಡಿಗಳನ್ನು ಮಡಿಸಿ
ನೆಲಕ್ಕೆ ಕೂತರು.